ದೊಡ್ಡವರ ಅಕ್ಷರ ಕಲಿಕೆಗೆ ಸರ್ಕಾರದ ಹಣ: ಯಾವ ಯೋಜನೆ ಯಾರಿಗೆ ಸರಿ?

"ನಮ್ಮ ತಾಂಡಾದಲ್ಲಿ ಇಪ್ಪತ್ತು ಹೆಣ್ಣುಮಕ್ಕಳು ಓದು-ಬರಹ ಕಲಿಯಲು ತಯಾರಿದ್ದಾರೆ. ಯಾವ ಅನುದಾನಕ್ಕೆ ಅರ್ಜಿ ಹಾಕಬೇಕು?" ಚಿತ್ತಾಪುರದವರಿರಲಿ, ಔರಾದ್‌ನವರಿರಲಿ, ಸುರಪುರದವರಿರಲಿ, ಪ್ರಶ್ನೆ ಹೆಚ್ಚುಕಡಿಮೆ ಇದೇ. ಕೇಳುವವರು ಮಾತ್ರ ಬೇರೆಬೇರೆ. ಒಬ್ಬರು ಸರ್ಕಾರಿ ಶಾಲೆಯ ಮೇಷ್ಟ್ರು, ಇನ್ನೊಬ್ಬರು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಮುಖ್ಯ ಪುಸ್ತಕ ಬರಹಗಾರ್ತಿ, ಮತ್ತೊಬ್ಬರು ನೋಂದಣಿ ಆದ ಸಣ್ಣ ಸಂಸ್ಥೆಯ ಕಾರ್ಯದರ್ಶಿ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ತಪ್ಪು ಉತ್ತರವಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬೀದರ್, ಕಲಬುರಗಿ, ಯಾದಗಿರಿಯ ನಮ್ಮ ಭಾಗಕ್ಕೆ ಇದು ಎಷ್ಟು ಮುಖ್ಯ ಅನ್ನುವುದಕ್ಕೆ 2011ರ ಜನಗಣತಿ ಸಾಕು. ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಬೀದರ್ ಶೇ. 70.51, ಕಲಬುರಗಿ ಶೇ. 64.85, ಯಾದಗಿರಿ ಶೇ. 51.83. ಯಾದಗಿರಿ ಇಡೀ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅಲ್ಲಿನ ಹೆಣ್ಣುಮಕ್ಕಳಲ್ಲಿ ಓದು ಬರುತ್ತಿದ್ದವರು ನೂರಕ್ಕೆ ಸುಮಾರು 41 ಜನ ಮಾತ್ರ. ಆಗ ಮೂವತ್ತು ದಾಟಿದ್ದವರು ಇಂದು ನಲವತ್ತೈದರ ಆಚೆ ಇದ್ದಾರೆ. ಈ ವಯಸ್ಸಿನ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. "ವಯಸ್ಕರ ಸಾಕ್ಷರತೆ ಅನುದಾನ" ಅಂತ ಊರಿನ ಗುಂಪಿನ ಖಾತೆಗೆ ನೇರವಾಗಿ ಬಂದು ಬೀಳುವ ಹಣ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಇರುವುದು ಬೇರೆಬೇರೆ ಇಲಾಖೆಗಳ ಹಣ. ಒಂದರಿಂದ ಪುಸ್ತಕ, ಇನ್ನೊಂದರಿಂದ ಜಾಗ, ಮತ್ತೊಂದರಿಂದ ಪರೀಕ್ಷೆ. ಆದ್ದರಿಂದ ಯಾವ ಯೋಜನೆಯಲ್ಲಿ ಜಾಸ್ತಿ ದುಡ್ಡಿದೆ ಅಂತ ಹುಡುಕುವ ಬದಲು, ನಿಮ್ಮ ಊರಲ್ಲಿ ಏನು ಇಲ್ಲ ಅನ್ನುವುದರಿಂದ ಶುರು ಮಾಡಿ.

ಅಳೆಯುವ ಮೊದಲು

ಯಾವ ಯೋಜನೆಯನ್ನಾದರೂ ನಾನು ಐದು ಪ್ರಶ್ನೆ ಕೇಳಿ ನೋಡುತ್ತೇನೆ. ಹಣ ಯಾರ ಕೈಗೆ ಬರುತ್ತದೆ: ಜಿಲ್ಲೆಗೋ, ಪಂಚಾಯಿತಿಗೋ, ನಿಮ್ಮ ಸಂಸ್ಥೆಗೋ? ಅದನ್ನು ಯಾವುದಕ್ಕೆ ಖರ್ಚು ಮಾಡಬಹುದು? ವಯಸ್ಸಿನ ಮಿತಿ ಇದೆಯೇ? ಕಾಗದಪತ್ರ, ಲೆಕ್ಕಪತ್ರ ಸಂಭಾಳಿಸುವ ಶಕ್ತಿ ನಮಗಿದೆಯೇ? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಕಲಿತವರ ಕೈಗೆ ಕೊನೆಗೆ ಏನು ಸಿಗುತ್ತದೆ? ಒಂದು ಪ್ರಮಾಣಪತ್ರವೋ, ಒಂದು ಕೆಲಸವೋ, ದಿನಾ ಓದಲು ಒಂದು ಪುಸ್ತಕವೋ?

ತಾಯಿ-ಮಗು ಒಟ್ಟಿಗೆ ಕಲಿಯಬೇಕು ಅನ್ನುವವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳಿಗೆ ಅಲ್ಲಿ ಜಾಗ ಇದೆಯೇ?

ಉಲ್ಲಾಸ್: ಹಣ ಕಾಣುವುದಿಲ್ಲ, ಆದರೆ ಬುನಾದಿ ಇದೇ

ಕೇಂದ್ರದ ನವ ಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ಉಲ್ಲಾಸ್ ಅಂತ ಹೆಸರು. 2022ರಿಂದ 2027ರವರೆಗಿನ ಯೋಜನೆ. ಒಟ್ಟು ವೆಚ್ಚ 1,037.90 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 700 ಕೋಟಿ, ಉಳಿದದ್ದು ರಾಜ್ಯಗಳದ್ದು. ಐದು ವರ್ಷದಲ್ಲಿ ಐದು ಕೋಟಿ ಜನರಿಗೆ ಅಕ್ಷರ ಕಲಿಸುವ ಗುರಿ. ಭಾಗಿಸಿ ನೋಡಿದರೆ ತಲೆಗೆ ಇನ್ನೂರು ರೂಪಾಯಿ ಚಿಲ್ಲರೆ ಆಗುತ್ತದೆ. ಇಷ್ಟರಲ್ಲೇ ಪುಸ್ತಕ, ತರಬೇತಿ, ಪರೀಕ್ಷೆ ಎಲ್ಲ ಮುಗಿಯಬೇಕು. ಹಾಗಾಗಿ ಕಲಿಸುವವರಿಗೆ ಗೌರವಧನ ಇಲ್ಲ. ಹಿಂದಿನ ಸಾಕ್ಷರ ಭಾರತ ಯೋಜನೆಯಲ್ಲಿ ಊರಿನ ಕಲಿಕೆ ಕೇಂದ್ರ ನೋಡಿಕೊಳ್ಳುತ್ತಿದ್ದ ಪ್ರೇರಕರಿಗೆ ತಿಂಗಳಿಗೆ ಎರಡು ಸಾವಿರ ಇತ್ತು. 2018ರ ಮಾರ್ಚ್‌ನಲ್ಲಿ ಆ ಯೋಜನೆ ಮುಗಿಯಿತು. "ಈಗಲೂ ಪ್ರೇರಕರ ಹುದ್ದೆ ಇದೆಯಾ?" ಅಂತ ಕೇಳುವವರಿದ್ದಾರೆ. ಇಲ್ಲ, ಉಲ್ಲಾಸ್ ನಡೆಯುವುದು ಸ್ವಯಂಸೇವಕರ ಮೇಲೆ.

ಹಾಗಾದರೆ ಇದನ್ನು ಯಾಕೆ ಮೊದಲು ಹೇಳುತ್ತಿದ್ದೇನೆ? ಮೂರು ಕಾರಣ ಇವೆ. ಹದಿನೈದು ದಾಟಿದ ಯಾರೇ ಆದರೂ ಸೇರಬಹುದು, ಮೇಲಿನ ಮಿತಿ ಇಲ್ಲ. ಎಪ್ಪತ್ತರ ಅಜ್ಜಿಗೂ ಅವಕಾಶ ಇದೆ. ಎರಡನೆಯದು, ಸೇರಲು ನಿಮ್ಮ ಗುಂಪಿಗೆ ನೋಂದಣಿ ಬೇಕಿಲ್ಲ. ಹತ್ತಿರದ ಸರ್ಕಾರಿ ಶಾಲೆಯೇ ಇದರ ಕೇಂದ್ರ. ಮೂರನೆಯದು, ಕೊನೆಯಲ್ಲಿ ಪರೀಕ್ಷೆ ಇದೆ. ಓದು, ಬರಹ, ಲೆಕ್ಕ, ಒಂದೊಂದಕ್ಕೆ 50ರಂತೆ 150 ಅಂಕ. ಅದರ ಮೇಲೆ ಪ್ರಮಾಣಪತ್ರ ಸಿಗುತ್ತದೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಯೇ ವರ್ಷಗಳನ್ನು ಕಳೆದವಳಿಗೆ ತನ್ನ ಹೆಸರು ಅಚ್ಚಾದ ಆ ಕಾಗದ ಎಷ್ಟು ದೊಡ್ಡದು ಅನ್ನುವುದು ಅದನ್ನು ಕೊಡುವಾಗ ಅಲ್ಲಿದ್ದವರಿಗೆ ಗೊತ್ತು.

ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಲೋಕ ಶಿಕ್ಷಣ ನಿರ್ದೇಶನಾಲಯ, ಜಿಲ್ಲೆಯಲ್ಲಿ ಜಿಲ್ಲಾ ಲೋಕ ಶಿಕ್ಷಣ ಸಮಿತಿ. ನೀವು ಮೊದಲು ಮಾತಾಡಬೇಕಾದ್ದು ಶಾಲೆಯ ಮುಖ್ಯ ಗುರುಗಳು ಮತ್ತು ನಿಮ್ಮ ಕ್ಲಸ್ಟರ್‌ನ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಜೊತೆ. ಕಲಿಯುವವರ ಹೆಸರೂ ಕಲಿಸುವವರ ಹೆಸರೂ ಉಲ್ಲಾಸ್ ಆ್ಯಪ್‌ನಲ್ಲಿ ಸೇರಬೇಕು. ಹೆಸರು ಸೇರದಿದ್ದರೆ ಪುಸ್ತಕವೂ ಬರುವುದಿಲ್ಲ, ಪರೀಕ್ಷೆಗೂ ಕೂರಿಸುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಸಂಬಳವಿಲ್ಲದೆ ಸಂಜೆ ಎರಡು ತಾಸು ಕೂತು ಕಲಿಸುವವರು ಎಷ್ಟು ದಿನ ಕಲಿಸುತ್ತಾರೆ? ಮೊದಲ ತಿಂಗಳು ಹುರುಪು ಇರುತ್ತದೆ. ಆಮೇಲೆ ಪರೀಕ್ಷೆ, ಮದುವೆ, ಜಾತ್ರೆ, ತೊಗರಿ ರಾಶಿ. ಉಲ್ಲಾಸ್ ಒಂದನ್ನೇ ನಂಬಿದ ಎಷ್ಟೋ ಗುಂಪುಗಳು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತವೆ. ಹಾಗಾಗಿ ಒಬ್ಬರ ಮೇಲೆ ಭಾರ ಹಾಕಬೇಡಿ, ಮೂವರು ಸರದಿ ಮಾಡಿಕೊಳ್ಳಿ. ಕಾಲೇಜು ವಿದ್ಯಾರ್ಥಿಗಳನ್ನೂ ಸ್ವಯಂಸೇವಕರಾಗಿ ಸೇರಿಸಬಹುದು. ಇನ್ನೊಂದು, ಯೋಜನೆಯ ಅವಧಿ 2026-27ಕ್ಕೆ ಮುಗಿಯುತ್ತದೆ. ಮುಂದಿನ ವರ್ಷ ನೋಡೋಣ ಅನ್ನುವುದಕ್ಕೆ ಸಮಯ ಇಲ್ಲ.

ಗ್ರಾಮ ಪಂಚಾಯಿತಿ: ಸಣ್ಣ ಹಣ, ಆದರೆ ನಿಮ್ಮೂರಿನ ಹಣ

ನನ್ನ ಅಭಿಪ್ರಾಯದಲ್ಲಿ ಜನ ಅತಿ ಕಡಿಮೆ ಬಳಸುತ್ತಿರುವ ದಾರಿ ಇದು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ಪಟ್ಟಿ ಮಾಡಿದ್ದಾರೆ. ಅದರಲ್ಲಿ 19ನೆಯದು ವಯಸ್ಕರ ಮತ್ತು ಅನೌಪಚಾರಿಕ ಶಿಕ್ಷಣ, 20ನೆಯದು ಗ್ರಂಥಾಲಯ. ಚರಂಡಿ, ಬೀದಿದೀಪ ಹೇಗೆ ಪಂಚಾಯಿತಿ ಕೆಲಸವೋ, ಅಕ್ಷರ ಕಲಿಸುವುದೂ ಹಾಗೆಯೇ ಪಂಚಾಯಿತಿ ಕೆಲಸ. ಪಿಡಿಒ ಸಾಹೇಬರು "ಇದು ಶಿಕ್ಷಣ ಇಲಾಖೆದು" ಅಂದರೆ ಈ ಎರಡು ಸಂಖ್ಯೆ ಹೇಳಿ.

ಹಣ ಎಲ್ಲಿಂದ ಬರುತ್ತದೆ? ಒಂದು, ಹಣಕಾಸು ಆಯೋಗದ ಅನುದಾನ. 2021-26ರ ಅವಧಿಯ 15ನೇ ಆಯೋಗದ ನಿಯಮದಲ್ಲಿ ಶೇ. 60 ನೀರು-ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ. 40 ಊರಿನ ಅಗತ್ಯಕ್ಕೆ ಮುಕ್ತವಾಗಿತ್ತು, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ಮುಂದಿನ ಅವಧಿಗೆ 16ನೇ ಆಯೋಗದ ನಿಯಮ ಬರುವುದರಿಂದ ಕ್ರಿಯಾ ಯೋಜನೆ ಮಾಡುವಾಗ ಚಾಲ್ತಿಯಲ್ಲಿರುವ ಸುತ್ತೋಲೆಯನ್ನೇ ಕೇಳಿ ನೋಡಿ. ಎರಡು, ಪಂಚಾಯಿತಿಯ ಸ್ವಂತ ತೆರಿಗೆ ಹಣ. ಮೂರು, ಆಸ್ತಿ ತೆರಿಗೆಯ ಮೇಲೆ ವಸೂಲಾಗುವ ಶೇ. 6 ಗ್ರಂಥಾಲಯ ಕರ. ಈ ಕರವನ್ನು ಮನೆಮನೆಯವರೂ ಕಟ್ಟುತ್ತಿದ್ದಾರೆ, ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ.

2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ತಾಯಿ-ಮಗು ಒಟ್ಟಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇಲ್ಲ. ಬೆಳಕು ಇದೆ, ಕುರ್ಚಿ ಇದೆ, ಮಕ್ಕಳ ಪುಸ್ತಕ ಇದೆ. ಅಕ್ಷರ ಈಗಷ್ಟೇ ಕಲಿತ ದೊಡ್ಡವರಿಗೂ ಮಕ್ಕಳ ಚಿತ್ರಪುಸ್ತಕವೇ ಓದಲು ಹಗುರ. ಮಗಳ ಪುಸ್ತಕವನ್ನು ಅವ್ವ ಓದಿದರೆ ಇಬ್ಬರ ಓದೂ ನಡೆಯುತ್ತದೆ.

ಕೇಳುವಾಗ ದೊಡ್ಡದು ಕೇಳಬೇಡಿ. ಇಪ್ಪತ್ತು ಜನರ ಗುಂಪಿಗೆ ನೋಟ್‌ಬುಕ್, ಪೆನ್ಸಿಲ್, ಒಂದು ಬೋರ್ಡ್, ಜಮಖಾನೆ, ಎರಡು ಒಳ್ಳೆಯ ಬಲ್ಬು. ಇಷ್ಟಕ್ಕೆ ಕೆಲವು ಸಾವಿರ ಸಾಕು. ಯಾವ ಪಂಚಾಯಿತಿಗೂ ಅದು ಭಾರವಲ್ಲ. ಆದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಗ್ರಾಮ ಸಭೆಯಲ್ಲಿ ಠರಾವು ಆಗಬೇಕು, ಕ್ರಿಯಾ ಯೋಜನೆಯಲ್ಲಿ ಬರಬೇಕು. ಯೋಜನೆ ಮಾಡುವ ಕಾಲ ಅಕ್ಟೋಬರ್ 2ರಿಂದ ಶುರು. ಫೆಬ್ರವರಿಯಲ್ಲಿ ಹೋಗಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುವ ಉತ್ತರವೇ ಗ್ಯಾರಂಟಿ. ವಾರ್ಡ್ ಸಭೆಗೆ ಕಲಿಯಬೇಕಾದ ಹೆಣ್ಣುಮಕ್ಕಳೇ ಬಂದು ಕೇಳಿದರೆ ಇನ್ನೂ ಒಳ್ಳೆಯದು.

ಈ ದಾರಿಯ ದೊಡ್ಡ ಕೊರತೆ ಅಂದರೆ, ಎಲ್ಲವೂ ಅಧ್ಯಕ್ಷರು ಮತ್ತು ಪಿಡಿಒ ಮನಸ್ಸಿನ ಮೇಲೆ ನಿಂತಿರುತ್ತದೆ. ಅಧಿಕಾರಿ ಬದಲಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಜನ ಶಿಕ್ಷಣ ಸಂಸ್ಥೆ: ಓದಿಗಿಂತ ಕಸುಬು ಮುಂದೆ

ಇದರ ಬೇರು 1967ರಲ್ಲಿ ಮುಂಬೈಯಲ್ಲಿ ಶುರುವಾದ ಶ್ರಮಿಕ ವಿದ್ಯಾಪೀಠ. ಕಾರ್ಮಿಕರಿಗೆ ಓದೂ ಕಸುಬೂ ಒಟ್ಟಿಗೆ ಕಲಿಸಬೇಕು ಅನ್ನುವುದು ಅದರ ಹಿಂದಿನ ವಿಚಾರ. ಬಹಳ ಕಾಲ ಶಿಕ್ಷಣ ಇಲಾಖೆಯಡಿ ಇತ್ತು. 2018ರಲ್ಲಿ ಕೌಶಲ್ಯಾಭಿವೃದ್ಧಿ ಸಚಿವಾಲಯಕ್ಕೆ ಹೋಯಿತು. ಅಲ್ಲಿಂದ ಒತ್ತು ಹೊಲಿಗೆ, ಕಸೂತಿ, ಬ್ಯೂಟಿ ಪಾರ್ಲರ್, ವಿದ್ಯುತ್ ಕೆಲಸದಂಥ ತರಬೇತಿಯ ಮೇಲೆ ಜಾಸ್ತಿಯಾಯಿತು.

ಕೇಂದ್ರದ ಹಣ ಹೋಗುವುದು ಜಿಲ್ಲೆಯಲ್ಲಿ ಈ ಸಂಸ್ಥೆಯನ್ನು ನಡೆಸುವ ಸ್ವಯಂಸೇವಾ ಸಂಸ್ಥೆಗೆ. ನಿಮಗೆ ಸಿಗುವುದು ಹಣವಲ್ಲ, ತರಬೇತಿ. ನೀವು ಜಾಗ ಕೊಟ್ಟು, ಕಲಿಯುವವರನ್ನು ಸೇರಿಸಿದರೆ ಅವರೇ ಊರಿಗೆ ಬಂದು ಬ್ಯಾಚ್ ನಡೆಸುವಂತೆ ಕೇಳಬಹುದು. ವಯಸ್ಸು 15ರಿಂದ 45. ಓದು ಬಾರದವರು, ಎಂಟನೇ ತರಗತಿವರೆಗೆ ಓದಿದವರು, ಹನ್ನೆರಡರೊಳಗೆ ಶಾಲೆ ಬಿಟ್ಟವರು ಸೇರಬಹುದು. ಮೇಲೆ ಹೇಳಿದ ಲೆಕ್ಕ ಇಲ್ಲಿ ಬೇಕು: ಅಕ್ಷರ ಹೆಚ್ಚು ಬೇಕಾಗಿರುವ ತಲೆಮಾರಿನ ದೊಡ್ಡ ಪಾಲು ಈ ಮಿತಿಯ ಆಚೆಗಿದೆ.

ಆದರೂ ಇದನ್ನು ಬಿಡಬೇಡಿ ಅನ್ನುತ್ತೇನೆ. "ಓದು ಕಲಿತು ಏನು ಮಾಡಲಿ?" ಅಂತ ಕೇಳುವ ಇಪ್ಪತ್ತೈದರ ಸೊಸೆಗೆ ಹೊಲಿಗೆ ಮಷಿನ್ ಒಂದು ಉತ್ತರ. ಅಳತೆ ಬರೆಯಬೇಕು, ಗಿರಾಕಿ ಹೆಸರು ಬರೆಯಬೇಕು, ಲೆಕ್ಕ ಇಡಬೇಕು. ಅಕ್ಷರಕ್ಕೆ ಅಲ್ಲಿ ಕೆಲಸ ಸಿಗುತ್ತದೆ. ಉಲ್ಲಾಸ್‌ನಲ್ಲಿ ಅಕ್ಷರ ಕಲಿತು, ಆಮೇಲೆ ಇಲ್ಲಿಗೆ ಬರುವುದು ಒಳ್ಳೆಯ ಸಾಲು. ಉಲ್ಟಾ ಮಾಡಿದರೆ ಓದು ಹಿಂದೆ ಬೀಳುತ್ತದೆ.

ಶಾಲೆ ಬಿಟ್ಟ ಹುಡುಗಿಯರಿಗೆ ದಾರಿ ಬೇರೆ

ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನವರನ್ನು ಅಜ್ಜಿಯರ ಗುಂಪಿನಲ್ಲಿ ಕೂರಿಸಬೇಡಿ. ಅವರಿಗೆ ಬೇಕಾದ್ದು ಅಕ್ಷರವಲ್ಲ, ಹತ್ತನೇ ತರಗತಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಈ ವಯಸ್ಸಿನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ವಿಕಲಚೇತನ ಮಕ್ಕಳು ಮುಕ್ತ ಶಾಲೆಯಿಂದ ಪರೀಕ್ಷೆ ಬರೆಯಲು 2,000 ರೂಪಾಯಿವರೆಗೆ ನೆರವು ಇದೆ. ಹಣ ಸಣ್ಣದು, ಆದರೆ ಪರೀಕ್ಷೆ ಶುಲ್ಕಕ್ಕಾಗಿ ಅಪ್ಪನ ಮುಂದೆ ನಿಲ್ಲಬೇಕಾದ ಹುಡುಗಿಗೆ ಅದೇ ದೊಡ್ಡದು. ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಇಪ್ಪತ್ತು ದಾಟಿದವರಿಗೆ ಕೇಂದ್ರದ ಮುಕ್ತ ಶಾಲೆಯಾದ ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣ ಇದೆ. ಎ ಹಂತ ಮೂರನೇ ತರಗತಿಗೆ, ಬಿ ಹಂತ ಐದನೆಯದಕ್ಕೆ, ಸಿ ಹಂತ ಎಂಟನೆಯದಕ್ಕೆ ಸಮ. ಅಲ್ಲಿಂದ ಹತ್ತನೇ ತರಗತಿ. ಅಂಗನವಾಡಿ ಸಹಾಯಕಿ ಕೆಲಸಕ್ಕೂ ಈಗ ಹತ್ತನೇ ತರಗತಿ ಕೇಳುವ ಕಾಲದಲ್ಲಿ, ಮೂವತ್ತರ ಆಸುಪಾಸಿನ ಓದುವ ಹಂಬಲದ ಹೆಣ್ಣುಮಗಳಿಗೆ ಈ ದಾರಿ ತೋರಿಸದೆ ಬರೀ ಸಹಿ ಮಾಡಲು ಕಲಿಸಿ ಕಳಿಸುವುದು ಸರಿಯಲ್ಲ.

ದೊಡ್ಡ ಹಣ: ಮಂಡಳಿ, ಖನಿಜ ನಿಧಿ, ಕಾರ್ಖಾನೆ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಕಲಬುರಗಿಯಲ್ಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ 2013ರಲ್ಲಿ ಹುಟ್ಟಿದ ಮಂಡಳಿ, ಏಳು ಜಿಲ್ಲೆಗಳಿಗೆ ಸಾವಿರಾರು ಕೋಟಿ ಹಂಚುತ್ತದೆ. ಶಿಕ್ಷಣಕ್ಕೂ ದೊಡ್ಡ ಪಾಲು ಇದೆ. ಆದರೆ ಆ ಹಣದ ಸ್ವಭಾವ ಅರ್ಥ ಮಾಡಿಕೊಳ್ಳಿ. ಅದು ಹೆಚ್ಚಾಗಿ ಶಾಲಾ ಕೋಣೆ, ಕಟ್ಟಡ, ಸಲಕರಣೆಯಂಥ ಕಾಮಗಾರಿಗೆ ಹೋಗುತ್ತದೆ, ಇಲಾಖೆಗಳ ಮೂಲಕ, ಶಾಸಕರ ಶಿಫಾರಸಿನೊಂದಿಗೆ. ಸಂಜೆ ತರಗತಿ ನಡೆಸಲು ಇದರ ಹಿಂದೆ ಓಡಿದರೆ ವರ್ಷ ಹೋಗುತ್ತದೆ. ಊರಲ್ಲಿ ಅರಿವು ಕೇಂದ್ರಕ್ಕೆ ಕಟ್ಟಡವೇ ಇಲ್ಲ ಅನ್ನುವವರು ಮಾತ್ರ ಶಾಸಕರ ಬಳಿ ಇದಕ್ಕೆ ಮನವಿ ಕೊಡಿ.

ಸೇಡಂ, ಚಿತ್ತಾಪುರ ಕಡೆಯವರಿಗೆ ಇನ್ನೊಂದು ಬಾಗಿಲು ಇದೆ. ಸುಣ್ಣದ ಕಲ್ಲಿನ ಗಣಿಗಳು ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಸಿಗುತ್ತದೆ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ ಮೀಸಲಾದ ಹಣ ಅದು. ಶಿಕ್ಷಣ, ಮಹಿಳೆ-ಮಕ್ಕಳ ಕಲ್ಯಾಣ, ಕೌಶಲ್ಯ ಮೂರೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಅಂತ ಜಿಲ್ಲಾಡಳಿತದಲ್ಲಿ ಕೇಳಿ. ಸಿಮೆಂಟ್ ಕಾರ್ಖಾನೆಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಸರ್ಕಾರದ್ದಲ್ಲವಾದರೂ ಕಾನೂನಿನ ಬಲ ಇರುವ ಹಣ. ಅದಕ್ಕೆ ಸಂಸ್ಥೆಯ ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ, ಸಿಎಸ್‌ಆರ್ ಹಣ ಪಡೆಯಲು ತುಂಬುವ ಸಿಎಸ್‌ಆರ್-1 ನಮೂನೆ ಎಲ್ಲ ಸರಿಯಾಗಿರಬೇಕು.

ಯಾದಗಿರಿಯವರಿಗೆ ಒಂದು ಮಾತು. ನಿಮ್ಮದು 2018ರಿಂದ ಹಿಂದುಳಿದವನ್ನು ಮೇಲೆತ್ತಲು ಕೇಂದ್ರ ಮಾಡಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿದೆ. ಅಲ್ಲಿ ಶಿಕ್ಷಣದ ಅಂಕಿಅಂಶ ಮೇಲೇಳುವುದು ಜಿಲ್ಲಾಡಳಿತಕ್ಕೂ ಬೇಕಾಗಿದೆ. ಮನವಿಯಲ್ಲಿ ಇದನ್ನು ಬರೆಯಿರಿ.

ಬೀದರ್‌ನಲ್ಲಿ ಈಗಾಗಲೇ ಗ್ರಂಥಾಲಯ ನಡೆಸುತ್ತಿರುವ ನೋಂದಾಯಿತ ಸಂಸ್ಥೆ ಇದ್ದರೆ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವನ್ನೂ ನೋಡಬಹುದು. 1972ರಿಂದ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ, ಸಲಕರಣೆ ಕೊಡಿಸುತ್ತಿರುವ ಕೇಂದ್ರ ಸಂಸ್ಥೆ ಇದು. ಹೊಸದಾಗಿ ಶುರು ಮಾಡುವವರಿಗೆ ಇದಲ್ಲ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ದುಡ್ಡೇ ಇಲ್ಲ, ಕಲಿಸುವ ಮನಸ್ಸಿನ ನಾಲ್ಕು ಜನ ಇದ್ದಾರೆ ಅನ್ನುವವರು ಉಲ್ಲಾಸ್‌ನಲ್ಲಿ ಹೆಸರು ಸೇರಿಸಿ ಈ ವಾರವೇ ಶುರು ಮಾಡಿ. ಜಾಗ ಶಾಲೆಯದು, ಪುಸ್ತಕ ಉಲ್ಲಾಸ್‌ನದು. ಅಕ್ಟೋಬರ್‌ನ ಗ್ರಾಮ ಸಭೆ ಹೊತ್ತಿಗೆ ನಡೆಯುತ್ತಿರುವ ತರಗತಿಯನ್ನು ತೋರಿಸಿ ಪಂಚಾಯಿತಿಯಿಂದ ಸಾಮಾನು ಕೇಳಿ. ನಡೆಯುತ್ತಿರುವ ಕೆಲಸಕ್ಕೆ ಇಲ್ಲ ಅನ್ನುವುದು ಯಾರಿಗೂ ಕಷ್ಟ, ಅಲ್ವಾ?

ಸಂಜೀವಿನಿ ಒಕ್ಕೂಟದವರಿಗೆ ಜನ ಹೇಗೂ ಸಿದ್ಧ. ವಾರದ ಸಭೆಗೆ ಎಲ್ಲರೂ ಸೇರುತ್ತಾರೆ. ಠರಾವು ಪುಸ್ತಕ, ಉಳಿತಾಯದ ಲೆಕ್ಕ ಇವೇ ಅವರ ಪಾಠಪುಸ್ತಕ ಆಗಬಹುದು. ಅವರಿಗೆ ನಾನು ಹೇಳುವುದು ಉಲ್ಲಾಸ್ ಜೊತೆ ಅರಿವು ಕೇಂದ್ರ, ಆಮೇಲೆ ನಲವತ್ತೈದರೊಳಗಿನವರಿಗೆ ಜನ ಶಿಕ್ಷಣ ಸಂಸ್ಥೆ.

ನೋಂದಾಯಿತ ಸಂಸ್ಥೆ, ಎರಡು-ಮೂರು ವರ್ಷದ ಕೆಲಸ, ಕಲಿಸುವವರಿಗೆ ಸಂಬಳ ಕೊಡಲೇಬೇಕು ಅನ್ನುವವರಿಗೆ ಮಾತ್ರ ಸಿಎಸ್‌ಆರ್ ಅಥವಾ ಖನಿಜ ನಿಧಿ. ಉಳಿದ ಸರ್ಕಾರಿ ದಾರಿಗಳಲ್ಲಿ ಸಂಜೆ ತರಗತಿಯ ಶಿಕ್ಷಕಿಗೆ ಸಂಬಳ ಸುಲಭವಾಗಿ ಸಿಗುವುದಿಲ್ಲ. ಲೆಕ್ಕ ಬರೆಯಲು ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಈ ಕಡೆ ಹೋಗಬೇಡಿ. ಒಂದು ವರ್ಷದ ಹಣ ಬಳಕೆ ಪ್ರಮಾಣಪತ್ರ ಸರಿಯಾಗಿ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ತರಗತಿಯೂ ನಿಲ್ಲುತ್ತದೆ.

ಯಾವ ದಾರಿ ಹಿಡಿದರೂ ಇನ್ನು ಕೆಲವು ವಿಷಯ ನೋಡಿಕೊಳ್ಳಿ. ತೊಗರಿ ರಾಶಿ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಗುಳೆ ಹೋಗುವ ಮನೆಗಳು ನಮ್ಮಲ್ಲಿ ಬಹಳ. ಜನವರಿಯಲ್ಲಿ ಶುರು ಮಾಡಿದ ತರಗತಿಯಲ್ಲಿ ಫೆಬ್ರವರಿಗೆ ಅರ್ಧ ಜನ ಇರುವುದಿಲ್ಲ. ಬಿತ್ತನೆ ಮುಗಿದ ಮೇಲೆ, ಆಗಸ್ಟ್‌ನಿಂದ ನವೆಂಬರ್‌ವರೆಗಿನ ಸಂಜೆಗಳು ಹೆಚ್ಚು ಕೈಗೆ ಸಿಗುತ್ತವೆ. ಪರೀಕ್ಷೆ ದಿನಾಂಕವನ್ನು ಸಿಆರ್‌ಪಿ ಹತ್ತಿರ ಮೊದಲೇ ಕೇಳಿಕೊಂಡು, ಅದಕ್ಕೆ ಹೊಂದುವಂತೆ ತರಗತಿ ಹಾಕಿಕೊಳ್ಳಿ.

ಬೀದರ್‌ನ ಉರ್ದು, ಮರಾಠಿ ಮನೆಗಳು, ಗುರುಮಠಕಲ್ ಕಡೆಯ ತೆಲುಗು ಮಾತಿನವರು, ಲಂಬಾಣಿ ತಾಂಡಾಗಳು: ಇವರಿಗೆಲ್ಲ ಕನ್ನಡ ಪುಸ್ತಕ ಕೊಟ್ಟು ಮೊದಲ ದಿನವೇ ಓದಿ ಅನ್ನಬೇಡಿ. ಮಾತು ಅವರದಿರಲಿ, ಬಸ್ಸಿನ ಬೋರ್ಡು, ರೇಷನ್ ಚೀಟಿಯ ಅಕ್ಷರ ಕನ್ನಡದ್ದಿರಲಿ. ಇದನ್ನು ಬಲ್ಲ ಸ್ವಯಂಸೇವಕಿ ಅದೇ ಓಣಿಯಲ್ಲಿ ಸಿಗುತ್ತಾಳೆ.

ಹಾಗೆಯೇ ಕನ್ನಡಕ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗಿ ಕಾಣುತ್ತದೆ. "ನನ್ನ ತಲೆಗೆ ಹತ್ತಲ್ಲ" ಅಂತ ಎದ್ದು ಹೋಗುವ ಎಷ್ಟೋ ಹೆಣ್ಣುಮಕ್ಕಳಿಗೆ ತಲೆಯ ತೊಂದರೆ ಅಲ್ಲ, ಕಣ್ಣಿನದು. ತರಗತಿ ಶುರುವಾಗುವ ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿ ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿ. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಕನ್ನಡಕ ಉಚಿತ. ಇದಕ್ಕೆ ಯಾವ ಅನುದಾನದ ಅರ್ಜಿಯೂ ಬೇಡ.

ಕಚೇರಿಗೆ ಹೋಗುವಾಗ ಕಲಿಯುವವರ ಪಟ್ಟಿ ಕೈಯಲ್ಲಿರಲಿ: ಹೆಸರು, ವಯಸ್ಸು, ಎಷ್ಟು ಓದಿದ್ದಾರೆ, ಫೋನ್ ನಂಬರ್, ಸಣ್ಣ ಮಗು ಇದೆಯೇ. ಈ ಒಂದು ಹಾಳೆಯಿಂದಲೇ ಯಾರು ಉಲ್ಲಾಸ್‌ಗೆ, ಯಾರು ಮುಕ್ತ ಶಾಲೆಗೆ, ಯಾರು ಕಸುಬಿನ ತರಬೇತಿಗೆ ಅನ್ನುವುದು ಗೊತ್ತಾಗುತ್ತದೆ. ಮನವಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಗ ಹೋಗುವವರು ಊರಿನಿಂದ ಮೊದಲ ಬಸ್ ಹಿಡಿಯಿರಿ.